ಹಗ್ಗ ಕಟ್ಟುವ ತನಕ

ಮಂಗಳವಾರದ ದೋಣಿಯಲ್ಲಿ ಬಂದಿಳಿದೆ.
ಚೀಲದಲ್ಲಿ ಎರಡು ಕೇಬಲ್ಲು, ಒಂದು ಹೊಸ ನೆಟ್‌ವರ್ಕ್ ಕಾರ್ಡು,
ಬಟ್ಟೆಯಲ್ಲಿ ಸುತ್ತಿದ ಆಲೂಗಡ್ಡೆ ರೊಟ್ಟಿ.
ಚಿಲೊಯೆಯ ಈ ತುದಿ ದ್ವೀಪದಲ್ಲಿ
ನೂರಾ ನಾಲ್ಕು ಮನೆ, ಒಂದು ಜನರೇಟರು,
ಒಂದು ಆಸ್ಪತ್ರೆ. ಆಸ್ಪತ್ರೆಯೆಂದರೆ ಎರಡು ಕೋಣೆ,
ಒಂದು ಸೌದೆ ಒಲೆ, ಒಬ್ಬಳು ನರ್ಸು: ಒಟಿಲಿಯಾ ಚಿಗುವಾಯ್.

"ರಾತ್ರಿ ಹನ್ನೊಂದಕ್ಕೆ ಜನರೇಟರು ಮಲಗುತ್ತದೆ,
ಬೆಳಿಗ್ಗೆ ಏಳಕ್ಕೆ ಏಳುತ್ತದೆ.
ಕಂಪ್ಯೂಟರೂ ಏಳುತ್ತದೆ.
ನೆಟ್ಟು ಏಳುವುದಿಲ್ಲ," ಎಂದಳು
ಒಲೆಯ ಬಾಯಿಗೆ ಕಟ್ಟಿಗೆ ನೂಕುತ್ತ.

ಬೆಂಚಿನ ಮೇಲೆ ರೋಸಮೆಲ್ ಅಜ್ಜ,
ಟೋಪಿ ಮೊಣಕಾಲಿಗೆ ಸಿಕ್ಕಿಸಿಕೊಂಡು.
ಅವನ ರಕ್ತದ ವರದಿ ಕಾಸ್ತ್ರೋ ಪಟ್ಟಣದಿಂದ ಬರಬೇಕು,
ಬಂದರೆ ಗೊತ್ತಾಗಬೇಕು, ಇವತ್ತಿನ ಗುಳಿಗೆ
ಇಡಿಯೋ ಅರ್ಧವೋ.

ನಾನು ಕಾರ್ಡು ಬದಲಿಸಿದೆ. ಇಲ್ಲ.
ಕೇಬಲ್ಲು ಬದಲಿಸಿದೆ. ಇಲ್ಲ.
ಗೋಡೆಯ ಡಬ್ಬಿಯಲ್ಲಿ ಹಸಿರು ದೀಪ
ಎಲ್ಲ ಸರಿಯಿದೆ ಎಂದು ಮಿಣುಕುತ್ತಲೇ ಇತ್ತು,
ಸಾಲಗಾರನ ಮುಂದೆ ನಗುವ ಅಂಗಡಿಯವನ ಹಾಗೆ.
ಯಂತ್ರವನ್ನು ಅದರ ಹೆಸರಲ್ಲೇ ಕೂಗಿದೆ:
ತನಗೆ ತಾನೇ ಓಗೊಟ್ಟಿತು, ಜಾಣ.
ಪಕ್ಕದವರನ್ನು ಕೂಗು ಎಂದೆ:
ಮೌನ.

ಆರಿಸಿದೆ, ಹೊತ್ತಿಸಿದೆ. ಆರಿಸಿದೆ, ಹೊತ್ತಿಸಿದೆ.
ಐದನೆಯ ಸಲಕ್ಕೆ ಅಜ್ಜ
ತನ್ನಷ್ಟಕ್ಕೆ ಎಣಿಸಲು ಶುರುಮಾಡಿದ್ದ.

ಆಮೇಲೆ ಕಂಡಿತು ಅದರ ವಿಳಾಸ.
ನಾವು ಕೊಟ್ಟದ್ದಲ್ಲ. ಯಾರೂ ಕೊಟ್ಟದ್ದಲ್ಲ.
ನೂರಾ ಅರವತ್ತೊಂಬತ್ತರಿಂದ ಶುರುವಾಗುವ
ಅಂಚೆಯವನು ಎಂದೂ ಹೋಗದ ಓಣಿ.
ಎದ್ದ ಕೂಡಲೆ ಕೂಗಿದೆ ಅದು, ಪಾಪ:
ಯಾರಾದರೂ ಇದ್ದೀರಾ, ನನ್ನ ಮನೆ ಯಾವುದು?
ಮೂರು ಸಲ ಕೇಳಿ, ಉತ್ತರ ಬಾರದೆ,
ತಾನೇ ಒಂದು ಬಾಗಿಲಿಗೆ ತನ್ನ ಹೆಸರು ಬರೆದು
ಒಳಗೆ ಹೋಗಿ ಕೂತುಬಿಟ್ಟಿದೆ.
ಉತ್ತರ ಕೊಡಬೇಕಾದದ್ದು ಮಾಡಿನ ಮೇಲಿನ ತಟ್ಟೆ,
ಅದಿನ್ನೂ ಆಕಾಶದಲ್ಲಿ ತನ್ನ ಉಪಗ್ರಹ ತಡಕುತ್ತಿತ್ತು.
ಇದಕ್ಕೆ ಏಳಲು ನಲವತ್ತು ಸೆಕೆಂಡು,
ಅದಕ್ಕೆ ನಾಲ್ಕು ನಿಮಿಷ.

ಇದನ್ನೆಲ್ಲ ಒಟಿಲಿಯಾಗೆ ವಿವರಿಸಿದೆ, ಕೈ ಬೀಸಿ, ಕಾಗದದಲ್ಲಿ ಗೆರೆ ಎಳೆದು.
ಅವಳು ಮಾಟೆಯ ಬುರುಡೆಗೆ ಬಿಸಿನೀರು ಹೊಯ್ಯುತ್ತ
"ಹೌದು, ಅದಕ್ಕೇ ನಾನು ದಿನಾ ಏಳೂಕಾಲಿಗೆ
ಹಿಂದಿನ ತಂತಿ ಕಿತ್ತು ಮತ್ತೆ ಚುಚ್ಚುವುದು.
ಆಗ ಬರುತ್ತದೆ," ಎಂದಳು.

"ದಿನಾ?"
"ಮೂರು ತಿಂಗಳಿಂದ."
"ಇವತ್ತು?"
"ಇವತ್ತು ನೀನು ಬರುತ್ತೀಯೆಂದು ಮುಟ್ಟಲಿಲ್ಲ.
ನೀನು ಕೇಳಲೂ ಇಲ್ಲ."

ಬೆಣ್ಣೆ ಕೈಯಲ್ಲಿತ್ತು, ಅವಳ ಕೈಯಲ್ಲಿ;
ತುಪ್ಪಕ್ಕೆ ನಾನು ಕಡಲು ದಾಟಿ ಬಂದಿದ್ದೆ.

ಅಜ್ಜ ಮೊದಲ ಸಲ ಬಾಯಿ ಬಿಟ್ಟ:
"ದಡ ಕಂಡ ಮಾತ್ರಕ್ಕೆ ಹಾರಬಾರದು, ಹುಡುಗ.
ಹಗ್ಗ ಕಟ್ಟುವ ತನಕ ಕೂತಿರಬೇಕು.
ನನ್ನ ತಮ್ಮನ ಕಾಲು ಹೋದದ್ದು ಹಾಗೆಯೇ."
ಆ ಮಾತಿಗೆ ಏನು ಹೇಳುವುದು. ಒಂದು ಸಾಲು ಬರೆದೆ:
ಐದು ನಿಮಿಷ ಕಾಯಿ, ಆಮೇಲೆ ಕೇಳು.
ಉಳಿಸಿದೆ. ಆರಿಸಿದೆ. ಹೊತ್ತಿಸಿದೆ.

ಐದು ನಿಮಿಷ ಎಷ್ಟು ಉದ್ದ!
ಒಲೆಯಲ್ಲಿ ಹಸಿ ಕಟ್ಟಿಗೆ ಸೀಟಿ ಹೊಡೆಯಿತು.
ಕಿಟಕಿಯಾಚೆ ಇಳಿತದ ಕೆಸರಲ್ಲಿ
ಹೆಂಗಸೊಬ್ಬಳು ಚಿಪ್ಪು ಹೆಕ್ಕುತ್ತಿದ್ದಳು,
ಅವಳ ನಾಯಿ ಪ್ರತಿ ಗುಂಡಿಯನ್ನೂ ಮರುಪರೀಕ್ಷಿಸುತ್ತಿತ್ತು.
ಅಜ್ಜ ಇನ್ನೂರ ಎಂಬತ್ತಕ್ಕೆ ಲೆಕ್ಕ ತಪ್ಪಿದ.

ವರದಿ ಬಂತು. ಅರ್ಧ.
ಉಗುರಿನಿಂದ ಗುಳಿಗೆ ಮುರಿದು,
ಉಳಿದರ್ಧವನ್ನು ಟೋಪಿಯ ಮಡಿಕೆಯಲ್ಲಿಟ್ಟು
ಎದ್ದು ಹೋದ, ವಿದಾಯವಿಲ್ಲದೆ.

ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಅವಳ ದನಿ:
"ಫೆರ್ಮಿನ್, ತಂತಿ ಕಿತ್ತು ಚುಚ್ಚಿದೆ. ನೆಟ್ಟು ಬಂತು."
"ಕೀಳುವ ಅಗತ್ಯವಿಲ್ಲವಲ್ಲ, ಒಟಿಲಿಯಾ. ತಾನೇ ಬರುತ್ತದೆ."
ಗರಗರ ಸದ್ದು. ಗಾಳಿ.
"ನನಗೆ ಗೊತ್ತು," ಎಂದಳು.
"ಕೈಗೆ ಇನ್ನೂ ಗೊತ್ತಾಗಿಲ್ಲ."