ಐದನೆಯ ಕಂತಿನ ಹೆಂಗಸು

ತಾರ್ತುವಿನಲ್ಲಿ ಡಿಸೆಂಬರಿನ ಹಗಲು ಮೂರೂವರೆಗೇ ಬಾಗಿಲು ಹಾಕುತ್ತದೆ.
ಗ್ರಂಥಾಲಯದ ನೆಲಮಾಳಿಗೆಗೆ ಹನ್ನೊಂದು ಜನ ಇಳಿದೆವು
ಬೂಟಿನ ಹಿಮ ಮೆಟ್ಟಿಲಿಗೆ ಕೊಡವುತ್ತ.
ಲೇಲೊ ತಂದ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಮೇಲೆ ಸವೆದ ಹಂಸ,
ಒಳಗೆ ಹನ್ನೊಂದು ಚೀಟಿ. ಹೆಸರಿಲ್ಲ.
ಯಾವ ಸಿನಿಮಾ ಇಷ್ಟ, ಯಾವ ಧಾರಾವಾಹಿಗೆ ನಿದ್ದೆಗೆಟ್ಟೆ,
ಮುಗಿದ ಮೇಲೂ ಯಾರು ಮನೆಗೆ ಹೋಗದೆ
ನಿನ್ನ ತಲೆಯಲ್ಲೇ ಕೂತರು,
ಅಷ್ಟು ಬರೆದರೆ ಸಾಕು.
ಎತ್ತಿದವರು ಆ ಎರವಲು ಮಂದಿಗೆ ಕತೆ ಕಟ್ಟಬೇಕು,
ಹೊಸ ವರ್ಷದ ಮೊದಲ ಶನಿವಾರದೊಳಗೆ.

ಹೆಯ್ನೊ ಪ್ರತಿ ವರ್ಷ ತನ್ನ ಚೀಟಿಯನ್ನೇ ಎತ್ತುತ್ತಾನೆ,
ಪ್ರತಿ ವರ್ಷ ಅದೇ ಕುದುರೆ ಕಳ್ಳರು.
ನಗುತ್ತೇವೆ, ವಾಪಸು ಹಾಕಿಸುತ್ತೇವೆ.

ನನಗೆ ಬಂದದ್ದು ಔಷಧಿ ಬಿಲ್ಲಿನ ಬೆನ್ನು.
ಮೂರು ಹೆಸರು, ಎರಡಕ್ಕೆ ಗೀಟು.
ಉಳಿದದ್ದು ಟ್ರಾಮ್ ಕಂಡಕ್ಟರುಗಳ ಹಳೆಯ ಧಾರಾವಾಹಿ,
ಎಂಟೇ ಕಂತು, ಸರ್ಕಾರಿ ಟೀವಿಯಲ್ಲಿ ಒಂದೇ ಸಲ.
ಕೆಳಗೆ, ಪೆನ್ಸಿಲಿನಲ್ಲಿ:

"ಐದನೆಯ ಕಂತು. ಡಿಪೋ ಕ್ಯಾಂಟೀನು.
ನಾಯಕ ಕೂಗಾಡುವಾಗ ಹಿಂದೆ ಒಬ್ಬಳು ಚಹಾ ಇಟ್ಟು ಹೋಗುತ್ತಾಳೆ.
ಬೆನ್ನು ಮಾತ್ರ. ನಾಲ್ಕು ಸೆಕೆಂಡು.
ಆ ದಿನ ಅವಳು ಮನೆಗೆ ಹೇಗೆ ಹೋದಳು, ಬರೆಯಿರಿ.
ಯಾರನ್ನೂ ಸಾಯಿಸಬೇಡಿ. ಮದುವೆ ಬೇಡ.
ನಾಯಿ ಇದ್ದರೆ ಆಗಬಹುದು."

ನಾನು ಬ್ರೆಡ್ ಕಾರ್ಖಾನೆಯ ರಾತ್ರಿಪಾಳಿಯವಳು.
ಬೆಳಿಗ್ಗೆ ಕೂದಲಲ್ಲಿ ರೈ ಹಿಟ್ಟು ಹೊತ್ತು ಬಂದು,
ಉರ್ವೆಯ ಅಟ್ಟದಿಂದ ಇಳಿಸಿದ ಕ್ಯಾಸೆಟ್ಟು ಹಾಕಿ
ಹಿಂದೆ, ಮುಂದೆ, ಹಿಂದೆ.
ಪರದೆಯ ಬುಡದಲ್ಲಿ ಬಿಳಿ ಗೆರೆಯೊಂದು ನಡುಗುತ್ತದೆ,
ಅದರ ಮೇಲೆ ಅವಳು ನಡೆಯುತ್ತಾಳೆ:
ಎಡಕ್ಕೆ ಕಟ್ಟಿದ ಏಪ್ರನ್ನಿನ ಗಂಟು,
ಹಿಮ್ಮಡಿಯಲ್ಲಿ ರಫು ಮಾಡಿದ ಕಾಲುಚೀಲ,
ಲೋಟ ಮೇಜಿಗೆ ತಾಗುವ ಮೊದಲು
ಕಿರುಬೆರಳನ್ನು ಅಡಿಗಿಟ್ಟು ಸದ್ದು ನುಂಗಿಸುವುದು.
ಇದನ್ನು ಯಾರೂ ಹೇಳಿಕೊಟ್ಟಿರಲಾರರು.
ಇಪ್ಪತ್ತನೆಯ ಸಲಕ್ಕೆ ನಾಯಕನ ಜಗಳ ಕೇಳಿಸುವುದೇ ನಿಂತಿತು.

ಎಮಾಯೊಗಿ ಆ ವಾರ ದಡದಿಂದ ಹೆಪ್ಪುಗಟ್ಟುತ್ತಿತ್ತು.
ನೀರು ಹರಿದಷ್ಟೇ ನದಿಯ ಪಾತ್ರ.
ಇವಳ ಪಾತ್ರದಲ್ಲಿ ನಾಲ್ಕೇ ಸೆಕೆಂಡಿನ ನೀರು,
ಮೇಲಿನಿಂದ ನಾನು ಕೊಡ ಕೊಡ ಸುರಿದೆ.
ವೈಕೆ ಎಂದು ಹೆಸರಿಟ್ಟೆ. ಹುಳುಕು ದವಡೆಹಲ್ಲು ಕೊಟ್ಟೆ.
ಟಿಕೆಟ್ಟಿಲ್ಲದೆ ಟ್ರಾಮ್ ಹತ್ತಿಸಿದೆ,
ಚಹಾದ ಋಣಕ್ಕೆ ಕಂಡಕ್ಟರು ಕಿಟಕಿಯಾಚೆ ನೋಡಿದ.
ಕ್ಯಾಂಟೀನಿನ ಮೂಳೆ ಕಾಗದದಲ್ಲಿ ಸುತ್ತಿ
ಮಾಲಕಿಯ ಕುಂಟುನಾಯಿಗೆ.
ಕೊನೆಗೆ ಕೋಣೆ, ಕೆಟಲು,
ಎಲ್ಲರಿಗೂ ಚಹಾ ಕೊಟ್ಟವಳಿಗೆ ಒಂದು ಲೋಟ,
ಮೂರು ಚಮಚ ಸಕ್ಕರೆ, ಧಾರಾಳವಾಗಿ.
ಚಮಚ ನೆಕ್ಕಿ ಅವಳು ದೀಪ ಆರಿಸಿದಳು.

ಶನಿವಾರ ಓದಿದೆ.
ಯುಲಾರ್ ಮೂಲೆಯಲ್ಲಿದ್ದ, ಈ ವರ್ಷವಷ್ಟೇ ಸೇರಿದವನು.
ಅದಕ್ಕೆ ಮೊದಲು ಇಪ್ಪತ್ತಾರು ವರ್ಷ
ಮೇಲಿನ ಹಜಾರದಲ್ಲಿ ನಮ್ಮ ಕೋಟು ನೇತುಹಾಕಿದವನು.
ಅವನು ಲೇಲೊಗಾಗಿ ಬರೆದ ಬೊಂಬೆ ಮುಳ್ಳುಹಂದಿಯ ಕತೆ
ಅರ್ಧ ಪುಟ, ಅದರಲ್ಲೂ ಮುಳ್ಳುಹಂದಿ ಬಹುಪಾಲು ನಿದ್ದೆ ಮಾಡಿತ್ತು.

ನಾನು ಮುಗಿಸಿದಾಗ ಯಾರೋ ಕೆಮ್ಮಿದರು.
ಯುಲಾರ್ ತನ್ನ ಬೆರಳುಗಳನ್ನೇ ನೋಡುತ್ತ
"ಅವಳು ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ" ಅಂದ.
"ನಮಗೆ ಉಳಿಯಲಿ ಅಂತ."

ನೆಲಮಾಳಿಗೆಯ ಕೊಳವೆಯಲ್ಲಿ ಬಿಸಿನೀರು ಗುಳುಗುಳು ಓಡಿತು.
ಲೇಲೊ ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.
ನಾನು ಪೆನ್ನು ಹುಡುಕಿ
ಆ ಸಾಲಿನ ಮೇಲೆ ಗೀಟೆಳೆಯಲು ಬಗ್ಗಿದೆ.
ಅವನು ಕೈ ಅಡ್ಡ ಹಿಡಿದ.
"ಬೇಡ, ಇರಲಿ. ಮೂರು ಚಮಚವೇ ಇರಲಿ."

ಹೋಗುವಾಗ ಕತೆಯನ್ನು ನಾಲ್ಕಾಗಿ ಮಡಚಿ
ಒಳಜೇಬಿನಲ್ಲಿ ಇಟ್ಟುಕೊಂಡ.
ಮೆಟ್ಟಿಲ ಬಳಿ, ಹಳೆಯ ಅಭ್ಯಾಸ,
ನನ್ನ ಕೋಟನ್ನು ತೋಳು ತೆರೆದು ಹಿಡಿದು ನಿಂತ.
"ಆ ನಾಯಿಗೆ" ಅಂದ,
"ಹೆಸರಿಡಲು ಮರೆತಿದ್ದೀರಿ."