ನಲವತ್ತೆರಡು ಸಾವಿರ

ಮೀಟರು ಹೇಳಿತು: ನಲವತ್ತೆರಡು ಸಾವಿರ.
ಕ್ಲಚ್ ಪೆಡಲಿನ ರಬ್ಬರು ಸವೆದು
ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.
‘ಇದಕ್ಕೆ ಸುಳ್ಳು ಬರಲ್ಲ ಅಕ್ಕಾ’ ಅಂದರು
ಸಾಗರ ರಸ್ತೆಯ ದಸ್ತಗೀರ್ ಸಾಬ್ರು,
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.

ಹಾಲೇಶಪ್ಪ ಬಾನೆಟ್ಟು ಸವರಿದ:
ಒಂದೇ ಕೈಯ ಗಾಡಿ,
ಬರೀ ಶಿವಮೊಗ್ಗ, ಭದ್ರಾವತಿ,
ಘಟ್ಟದ ಮುಖವನ್ನೇ ಕಂಡಿಲ್ಲ.

ಡ್ಯಾಶ್‌ಬೋರ್ಡಿನ ಗೂಡಿಗೆ ಕೈ ಹಾಕಿದೆ.
ಇನ್ಶೂರೆನ್ಸ್ ಕಾಗದ, ಮಡಚಿಟ್ಟ ಪ್ಲಾಸ್ಟಿಕ್ ಕವರು,
ಒಣಗಿ ಗೋಲಿಯಾದ ನಿಂಬೆಹಣ್ಣು,
ಸುತ್ತಲೂ ಉಗುರಿನ ಗುರುತು:
ಆಗುಂಬೆಯ ತಿರುವಿಗೊಂದರಂತೆ
ಯಾವುದೋ ಮಗು ಗೀರಿ ಮೂಸಿದ್ದು.

ಹಾಲೇಶಪ್ಪ ಅದನ್ನು ನೋಡಿದ. ಆಮೇಲೆ ಆಕಾಶ.
ಕ್ಲಚ್‌ಪ್ಲೇಟಿಗೆ ಆರು ಸಾವಿರ ಇಳಿಸಿದ,
ನಿಂಬೆಹಣ್ಣಿಗೆ ಎಂಟು.

ಮೂರನೇ ಭಾನುವಾರ, ಮಂಡಗದ್ದೆ ದಾಟಿದ ಮೇಲೆ
ಮುಳ್ಳು ಕೆಂಪಿಗೇರಿತು,
ಏಸಿ ಬಿಸಿಗಾಳಿ ಊದಿತು.
ಯಾರೂ ಹೇಳದೆಯೇ ಅತ್ತೆ ಇಳಿದು
ಚಕ್ರಕ್ಕೆ ಕಲ್ಲು ಕೊಟ್ಟರು.
ಹಬೆ ಅಡಗುವ ತನಕ ಕಾದು, ಇವರು
ಶಾಲೆಯ ಬಾಟಲಿಯಿಂದ
ರೇಡಿಯೇಟರಿಗೆ ನೀರು ಕುಡಿಸಿದರು;
ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಹಿಂದಿನ ಸೀಟಿನಲ್ಲಿ ಮಗಳು
ಹೊಸ ನಿಂಬೆಹಣ್ಣಿಗೆ
ಮೊದಲ ಉಗುರು ಊರುತ್ತಿದ್ದಳು.