ಅರವತ್ನಾಲ್ಕು ಪಾಲು

ಹಳೆಯ ರೂಪಾಯಿಗೆ ಅರವತ್ನಾಲ್ಕು ಪೈಸೆ.
ಶೆಟ್ಲೆಂಡಿನ ದೋಣಿಗೂ ಅಷ್ಟೇ ಪಾಲು.
ಯಾರು ಹಾಗೆ ಕಡಿದಿಟ್ಟರೋ ನನ್ನನ್ನು ಕೇಳಬೇಡಿ.
ಪಕ್ಕೆಲುಬು ಎಣಿಸಿದರೆ ಲೆಕ್ಕ ಕೂಡುವುದಿಲ್ಲ,
ಹಲಗೆ ಎಣಿಸಿದರೂ ಇಲ್ಲ.
ಪಾಲು ಇರುವುದು ಪುಸ್ತಕದಲ್ಲಿ;
ದೋಣಿ ಇಡಿಯಾಗಿ ನೀರಿನಲ್ಲಿ.

ಕಿಟ್ಟಿವೇಕ್ ಅಂತ ಅದರ ಹೆಸರು,
ಬಂಡೆಯ ತುದಿಯಲ್ಲಿ ಗೂಡು ಕಟ್ಟುವ ಹಕ್ಕಿಯದು.
ಗಿಡಿಯನ್‌ಗೆ ಇಪ್ಪತ್ನಾಲ್ಕು, ಲೌರಿಗೆ ಇಪ್ಪತ್ನಾಲ್ಕು,
ಬಲೆ, ಉಪ್ಪು, ಪೀಪಾಯಿ ಸಾಲ ಕೊಟ್ಟ
ಅಂಗಡಿಯ ಹ್ಯಾಲ್ಕ್ರೊಗೆ ಹದಿಮೂರು.
ಉಳಿದ ಮೂರು ಓಸ್ಲಾಳ ಗಂಡನದು;
ಅವನನ್ನು ಕಡಲು ಇಟ್ಟುಕೊಂಡ ಮೇಲೆ
ಓಸ್ಲಾಳದು.

ಹತ್ತೊಂಬತ್ತು ವರ್ಷ ಹೆರಿಂಗ್ ಹಿಡಿದರು.
ಶನಿವಾರ ಸಂಜೆ ಹ್ಯಾಲ್ಕ್ರೊನ ಮೇಜಿನ ಮೇಲೆ
ನಾಣ್ಯದ ಗುಡ್ಡೆಗಳು, ಒಂದರ ಪಕ್ಕ ಒಂದು.
ಪಾಲಿಗೆ ಬಂದದ್ದು ಪಂಚಾಮೃತ,
ಅದಕ್ಕೆ ಮೀನಿನ ವಾಸನೆ.

ಆಮೇಲೆ ಎಂಜಿನ್ ಬಂತು.
ಪಕ್ಕದ ಕೊಲ್ಲಿಯ ದೋಣಿಗಳು ಕೆಮ್ಮುತ್ತಾ
ಇವರಿಗಿಂತ ಮೊದಲು ದಡ ಸೇರತೊಡಗಿದವು.
ಹಾಕಿಸೋಣ, ಅಂದ ಗಿಡಿಯನ್.
ನನ್ನ ಹೆಣದ ಮೇಲೆ, ಅಂದ ಲೌರಿ,
ನನ್ನಪ್ಪ ಹಾಯಿ ಕಟ್ಟಿದ, ನಾನು ಹಾಯಿ ಕಟ್ಟುತ್ತೇನೆ,
ಎಣ್ಣೆ ಕುಡಿಯುವ ಕಬ್ಬಿಣದ ಜೊತೆ ಮಲಗಲಾರೆ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು;
ಇಲ್ಲಿ ಏರಿಯೇ ಇಲ್ಲ, ಎರಡೂ ಕಡೆ ನೀರೇ.

ಹಾಗಾದರೆ ನನ್ನ ಪಾಲು ಕೊಯ್ದು ಕೊಡು,
ಅಂದನಂತೆ ಲೌರಿ, ನಿಜವಾಗಿಯೂ ಗರಗಸ ತಂದು.
ಮುಂದಿನದೋ, ಹಿಂದಿನದೋ?
ಗಿಡಿಯನ್ ನಗಲಿಲ್ಲ, ಕೇಳಿದ ಅಷ್ಟೆ.
ಅವತ್ತಿನಿಂದ ಮಾತು ನಿಂತಿತು.
ಒಂದೇ ದೋಣಿ, ಒಂದೇ ಕೆಟಲ್,
ಹುಟ್ಟಿಗೆ ಹುಟ್ಟು ತಾಗದ ಹಾಗೆ ಎರಡು ಚಳಿಗಾಲ.
ಹೇಳಲೇಬೇಕಾದ್ದನ್ನು ಪುಸ್ತಕದಲ್ಲಿ ಬರೆದರು:
ಹಗ್ಗ ಸವೆದಿದೆ.
ಗೊತ್ತು.

ಹ್ಯಾಲ್ಕ್ರೊನ ಹದಿಮೂರು ಪಾಲು ಕೆಮ್ಮಿತು.
ಹಾಯಿಯ ಬಟ್ಟೆಯೂ ಅವನ ಅಂಗಡಿಯದೇ,
ಇನ್ನು ಮುಂದೆ ಎಣ್ಣೆಯೂ ಅವನದೇ;
ನೀವು ನೀವೇ ನೋಡಿಕೊಳ್ಳಿ, ಅಂದ.
ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು.
ತಕ್ಕಡಿಯ ಮುಳ್ಳು ನೆಟ್ಟಗೆ ನಿಂತು
ಮೂರರ ಕಡೆ ನೋಡಿತು.

ಓಸ್ಲಾ ಬಂದಳು. ನೂಲುತ್ತಿದ್ದ ಉಣ್ಣೆ ಇನ್ನೂ ಕೈಬೆರಳಲ್ಲಿ.
ಏಳು ವರ್ಷದಲ್ಲಿ ದೋಣಿಯ ಹತ್ತಿರ ಬಂದವಳಲ್ಲ,
ದುಡ್ಡನ್ನು ಮಗಳ ಕೈಲಿ ತರಿಸಿಕೊಳ್ಳುತ್ತಿದ್ದಳು.
ಡಾಂಬರು ಬಳಿದ ಹಲಗೆಯ ಮೇಲೆ ಅಂಗೈ ಇಟ್ಟು
ಇದರಲ್ಲಿ ಯಾವುದು ನನ್ನದು, ಅಂದಳು.
ಯಾರೂ ತೋರಿಸಲಾರದೆ ಹೋದರು.
ಲಾಭದಲ್ಲಿ ನನಗೆ ಮೂರು ಪಾಲು,
ಅವನು ಹೋದದ್ದರಲ್ಲಿ ನಿಮಗೆಷ್ಟು?
ಗಿಡಿಯನ್ ಟೋಪಿ ತೆಗೆದ.
ಲೌರಿ ತನ್ನ ಬೂಟು ನೋಡಿಕೊಂಡ.

ಬಿರುಗಾಳಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಂದಳು,
ಅವತ್ತು ಗಾಳಿಯೇ ಇರಲಿಲ್ಲ.
ಹಾಯಿ ಒಗೆದು ಹಾಕಿದ ಬಟ್ಟೆಯಂತೆ ಜೋತಿತ್ತು,
ಸೆಳವು ನಿಮ್ಮನ್ನು ಮೆಲ್ಲಗೆ, ಅವಸರವಿಲ್ಲದೆ,
ಬಂಡೆಯ ಹತ್ತಿರ ಒಯ್ದಿತು. ನಾನು ದಡದಲ್ಲಿದ್ದೆ.
ದೋಣಿಯನ್ನು ದೂರ ತಳ್ಳಲು ಅವನು ಬಂಡೆಗೆ ಹಾರಿದ್ದು
ನನಗೆ ಇಲ್ಲಿಂದ ಕಾಣುತ್ತಿತ್ತು.

ಎಂಜಿನ್ ಎಂಬ ಮಾತನ್ನು ಅವಳು ಆಡಲೇ ಇಲ್ಲ.
ಹ್ಯಾಲ್ಕ್ರೊ ಬರೆದುಕೊಂಡ: ಇಪ್ಪತ್ತೇಳು.

ಪುಸ್ತಕದ ಮುಂದಿನ ಹಾಳೆಯಲ್ಲಿ ಎಣ್ಣೆಯ ಕಲೆ.
ಎಂಜಿನ್ನಿನ ಬೆಲೆ, ಅರವತ್ನಾಲ್ಕಾಗಿ ಒಡೆದು.
ಲೌರಿಯ ಹೆಸರಿನ ಎದುರು ಇಪ್ಪತ್ನಾಲ್ಕು ಪಾಲು,
ಒಂದು ಪೆನ್ನಿಯೂ ಬಾಕಿಯಿಲ್ಲ,
ಪೂರ್ತಿ ಸಂದಾಯ, ತಾನು ಬೇಡವೆಂದದ್ದಕ್ಕೆ.
ಓಸ್ಲಾಳ ಮೂರು ಪಾಲಿನ ಎದುರು ಎರಡು ಕೈಬರಹ:
ಅರ್ಧ ಗಿಡಿಯನ್ ಕಟ್ಟಿದ್ದು,
ಇನ್ನರ್ಧ, ಹೆಸರಿಲ್ಲದ್ದು,
ಲೌರಿಯ ಓರೆ ಅಂಕಿಗಳಲ್ಲಿ.

ಅದನ್ನು ಚಾಲೂ ಮಾಡುವುದನ್ನು ಅವನು ಕಡೆಗೂ ಕಲಿಯಲಿಲ್ಲ.
ಆದರೆ ಜನವರಿಯ ರಾತ್ರಿಗಳಲ್ಲಿ,
ಬಲೆ ಎಳೆದು ಮುಗಿದ ಮೇಲೆ,
ಒದ್ದೆ ಕಾಲುಚೀಲ ಬಿಚ್ಚಿ
ಆ ಕಬ್ಬಿಣದ ಬೆನ್ನಿನ ಮೇಲೆ ಒಣಹಾಕುತ್ತಿದ್ದ;
ಗಿಡಿಯನ್ನನ ಜೋಡಿಯನ್ನು ಸ್ವಲ್ಪ ಸರಿಸಿ,
ಮಾತಿಲ್ಲದೆ.